ಕುರ್ಲಾ 70, ಅಂಧೇರಿ 59, ಆರೆ 65: ಮುಂಬೈ ರ‍್ಯಾಪ್ ಆಲ್ಬಂಗಳು ಕಥೆ ಹೇಳುವುದು ಹೇಗೆ?

ಮುಂಬೈ ರ‍್ಯಾಪ್ ಹಾಡುಗಳನ್ನು ಹೊಸದಾಗಿ ಕೇಳುವವರಿಗೆ ಒಂದು ಸಣ್ಣ ಗೊಂದಲ ಎದುರಾಗುತ್ತದೆ. ಹಾಡಿನ ನಡುವೆ ಇದ್ದಕ್ಕಿದ್ದಂತೆ ಸಂಖ್ಯೆಗಳು ಬರುತ್ತವೆ. ಒಬ್ಬ 70 ಎನ್ನುತ್ತಾನೆ, ಇನ್ನೊಬ್ಬ 59, ಮತ್ತೊಬ್ಬ 17. ಇವು ಬೇರೇನೂ ಅಲ್ಲ, ಅಂಚೆ ಇಲಾಖೆ ಕೊಟ್ಟ ಪಿನ್‌ಕೋಡ್‌ನ ಕೊನೆಯ ಎರಡು ಅಂಕಿಗಳು. 400070 ಎಂದರೆ ಕುರ್ಲಾ. 400059 ಎಂದರೆ ಅಂಧೇರಿ ಪೂರ್ವದ ಜೆ.ಬಿ. ನಗರದ ಕಡೆ. 400017 ಧಾರಾವಿ. 400065 ಆರೆ ಮಿಲ್ಕ್ ಕಾಲೊನಿ.

ಸಿನಿಮಾದಲ್ಲಿ ಕಾಣುವ ಮುಂಬೈಗೆ ಇಷ್ಟೊಂದು ವಿಳಾಸಗಳಿಲ್ಲ. ಅಲ್ಲಿ ಮರೀನ್ ಡ್ರೈವ್ ಇದೆ, ಲೋಕಲ್ ರೈಲಿದೆ, ಮಳೆ ಇದೆ. ರ‍್ಯಾಪರ್‌ಗಳ ಮುಂಬೈ ಹಾಗಲ್ಲ. ಅದು ಗಲ್ಲಿಗಳ ಲೆಕ್ಕದಲ್ಲಿ ಹಂಚಿಹೋಗಿದೆ, ಪ್ರತಿ ಗಲ್ಲಿಗೂ ಅದರದೇ ಕಥೆ ಇದೆ, ಅದನ್ನು ಅಲ್ಲಿಯವರೇ ಹೇಳಬೇಕು ಎಂಬ ಹಟವೂ ಇದೆ.

ಈ ಹಟದಿಂದಲೇ ಕಳೆದ ಹತ್ತು-ಹನ್ನೆರಡು ವರ್ಷಗಳಲ್ಲಿ ಹೊಸ ಬಗೆಯ ಸಂಗೀತ ಬೆಳೆದಿದೆ. ಅದರಲ್ಲಿ ರ‍್ಯಾಪ್ ಜೊತೆಗೆ ಕೊನ್ನಕೋಲು ಇದೆ, ರೆಗೆ ಇದೆ, ಆದಿವಾಸಿ ಹಾಡುಗಾರನ ದನಿ ಇದೆ. ಒಂದೇ ತಂಡದಲ್ಲಿ ಮರಾಠಿ, ಗುಜರಾತಿ, ಹಿಂದಿ ಮೂರೂ ಕೇಳಿಸುತ್ತವೆ. 'ಸ್ವದೇಸಿ' ಎಂಬ ಮುಂಬೈ ಬಳಗ ಇದಕ್ಕೆ ಅತ್ಯುತ್ತಮ ಉದಾಹರಣೆ. ಈ ಬೆರಕೆ ಏಕೆ ಬಂತು, ಕಥೆಗೂ ಅದಕ್ಕೂ ಏನು ಸಂಬಂಧ, ಕನ್ನಡದ ಕಿವಿಗೆ ಇದು ಹೇಗೆ ಕೇಳಿಸುತ್ತದೆ ಎಂಬುದರ ವಿವರ ಇಲ್ಲಿದೆ.

ಕಥನ ಆಲ್ಬಂ ಎಂದರೇನು?

ಹತ್ತು ಹಾಡುಗಳನ್ನು ಒಟ್ಟಿಗೆ ಇಟ್ಟರೆ ಅದು ಆಲ್ಬಂ ಆಗುತ್ತದೆ. ಆದರೆ ಕಥೆ ಹೇಳುವ ಆಲ್ಬಂ ಆಗಬೇಕಿದ್ದರೆ ಹಾಡುಗಳ ಕ್ರಮಕ್ಕೆ ಅರ್ಥವಿರಬೇಕು. ಮೂರನೇ ಹಾಡನ್ನು ತೆಗೆದು ಎಂಟನೆಯದರ ಜಾಗದಲ್ಲಿ ಇಟ್ಟರೆ ಏನೋ ತಪ್ಪಿತು ಎನಿಸಬೇಕು.

ಹರಿಕಥೆ ಕೇಳಿದವರಿಗೆ ಇದು ಹೊಸದಲ್ಲ. ದಾಸರು ಪೀಠಿಕೆಯಿಂದ ಶುರು ಮಾಡುತ್ತಾರೆ. ಕಥೆ ಮುಂದುವರಿದಂತೆ ಹಾಡು, ಮಾತು, ನಗೆಚಟಾಕಿ ಎಲ್ಲ ಬೆರೆಯುತ್ತವೆ. ನಡುವೆ ಉಪಕಥೆ ಬರುತ್ತದೆ. ಅದು ವಿಷಯಾಂತರ ಎನಿಸಿದರೂ ಕೊನೆಗೆ ಮೂಲ ಕಥೆಗೇ ಬಂದು ಸೇರುತ್ತದೆ. ಆಮೇಲೆ ಮಂಗಳ. ರ‍್ಯಾಪ್ ಆಲ್ಬಂಗಳಲ್ಲೂ ಹಾಡುಗಳ ನಡುವೆ ಸಣ್ಣ ಸಂಭಾಷಣೆ, ಫೋನ್ ಕರೆಯ ತುಣುಕು, ಬೀದಿಯ ಸದ್ದು ಬರುವುದುಂಟು. ಉಪಕಥೆಯ ಕೆಲಸವನ್ನು ಅಲ್ಲಿ ಅವು ಮಾಡುತ್ತವೆ.

ಹಿಪ್‌ಹಾಪ್ ಹುಟ್ಟಿದ್ದು ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ. 1973ರ ಆಗಸ್ಟ್ 11ರಂದು ಡಿಜೆ ಕೂಲ್ ಹರ್ಕ್ ಅಲ್ಲಿನ ವಸತಿ ಸಮುಚ್ಚಯವೊಂದರಲ್ಲಿ ನಡೆಸಿದ ಪಾರ್ಟಿಯನ್ನು ಅದರ ಜನ್ಮದಿನವೆಂದು ಆಚರಿಸುತ್ತಾರೆ. ಕಥನ ಆಲ್ಬಂಗೆ ಇತ್ತೀಚಿನ ದೊಡ್ಡ ಮಾದರಿ ಕ್ಯಾಲಿಫೋರ್ನಿಯಾದ ಕಾಂಪ್ಟನ್‌ನ ಕೆಂಡ್ರಿಕ್ ಲಾಮರ್. ಅವರ 2012ರ 'ಗುಡ್ ಕಿಡ್, ಮ್ಯಾಡ್ ಸಿಟಿ' ಆಲ್ಬಂ ತನ್ನನ್ನು ಕಿರುಚಿತ್ರ ಎಂದೇ ಕರೆದುಕೊಂಡಿತ್ತು. ಹಾಡುಗಳ ನಡುವೆ ಅಪ್ಪ-ಅಮ್ಮನ ಫೋನ್ ಸಂದೇಶಗಳು ಬರುತ್ತವೆ. 2015ರ ಆಲ್ಬಂನಲ್ಲಿ ಅವರು ಜಾಝ್ ಮತ್ತು ಫಂಕ್ ಬೆರೆಸಿದರು. 2018ರಲ್ಲಿ ಅವರ 'ಡ್ಯಾಮ್' ಆಲ್ಬಂಗೆ ಪುಲಿಟ್ಜರ್ ಪ್ರಶಸ್ತಿ ಬಂದಾಗ, ರ‍್ಯಾಪ್ ಆಲ್ಬಂ ಎಂಬುದು ಸಾಹಿತ್ಯ ಕೃತಿಯಷ್ಟೇ ಗಂಭೀರ ಎಂಬ ಮಾತಿಗೆ ಮುದ್ರೆ ಬಿದ್ದಂತಾಯಿತು.

ಕುರ್ಲಾದ ಐಪ್ಯಾಡ್‌ನಿಂದ ಬರ್ಲಿನ್‌ವರೆಗೆ

ಮುಂಬೈಯಲ್ಲಿ ಈ ಕಥೆ ಆಲ್ಬಂನಿಂದ ಶುರುವಾಗಲಿಲ್ಲ, ಬಿಡಿ ಹಾಡುಗಳಿಂದ ಶುರುವಾಯಿತು. ಅಂಧೇರಿಯ ಡಿವೈನ್, ಅಂದರೆ ವಿವಿಯನ್ ಫರ್ನಾಂಡಿಸ್, 2013ರಲ್ಲಿ 'ಯೇ ಮೇರಾ ಬಾಂಬೆ' ತಂದರು. 2014ರಲ್ಲಿ ಕುರ್ಲಾದ ನೇಝಿ, ಅಂದರೆ ನಾವೇದ್ ಶೇಖ್, 'ಆಫತ್' ಬಿಡುಗಡೆ ಮಾಡಿದರು. ಅವರ ಬಳಿ ಸ್ಟುಡಿಯೋ ಇರಲಿಲ್ಲ. ಹಾಡು ಧ್ವನಿಮುದ್ರಣಕ್ಕೂ ವಿಡಿಯೋ ಚಿತ್ರೀಕರಣಕ್ಕೂ ಒಂದೇ ಐಪ್ಯಾಡ್ ಬಳಸಿದರು. ಅದೇ ವರ್ಷ ಅವರ ಬಗ್ಗೆ ದಿಶಾ ರಿಂದಾನಿ ಮಾಡಿದ ಕಿರು ಸಾಕ್ಷ್ಯಚಿತ್ರದ ಹೆಸರು 'ಬಾಂಬೆ 70'. ಮತ್ತೆ ಅದೇ ಪಿನ್‌ಕೋಡ್!

2015ರಲ್ಲಿ ಇಬ್ಬರೂ ಸೇರಿ 'ಮೇರೆ ಗಲ್ಲಿ ಮೇ' ಹಾಡಿದರು. ನಾಲ್ಕು ವರ್ಷಗಳ ನಂತರ ಇವರ ಬದುಕಿನಿಂದ ಪ್ರೇರಣೆ ಪಡೆದು ಜೋಯಾ ಅಖ್ತರ್ 'ಗಲ್ಲಿ ಬಾಯ್' ಚಿತ್ರ ನಿರ್ದೇಶಿಸಿದರು. 2019ರ ಫೆಬ್ರವರಿಯಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಅದರ ಮೊದಲ ಪ್ರದರ್ಶನ ನಡೆಯಿತು. ಫೆಬ್ರವರಿ 14ರಂದು ದೇಶದಲ್ಲಿ ತೆರೆಕಂಡಿತು. ಅದೇ ತಿಂಗಳು ಸ್ಪಾಟಿಫೈ ಭಾರತಕ್ಕೆ ಬಂತು. ಅಷ್ಟರಲ್ಲಾಗಲೇ 2016ರಲ್ಲಿ ಶುರುವಾದ ಜಿಯೋದಿಂದ ಮೊಬೈಲ್ ಡೇಟಾ ಅಗ್ಗವಾಗಿತ್ತು. ಗಲ್ಲಿಯ ಹಾಡು ಊರೂರು ತಲುಪಲು ಬೇಕಾದ ದಾರಿಯೆಲ್ಲ ಸಿದ್ಧವಾಗಿತ್ತು.

ಆದರೆ ಸಿನಿಮಾ ಒಬ್ಬ ನಾಯಕನ ಕಥೆ ಹೇಳುತ್ತದೆ. ಬಡ ಹುಡುಗ ಕಷ್ಟಪಟ್ಟು ಮೇಲೆ ಬರುತ್ತಾನೆ, ಜನ ಚಪ್ಪಾಳೆ ತಟ್ಟುತ್ತಾರೆ. ಅವನು ಮೇಲೆ ಬಂದ ಮೇಲೂ ಗಲ್ಲಿ ಅಲ್ಲೇ ಇರುತ್ತದೆಯಲ್ಲ, ಅದರ ಕಥೆ ಏನು? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರಲ್ಲಿ ಸ್ವದೇಸಿ ಬಳಗದವರು ಮುಖ್ಯರು.

ಸ್ವದೇಸಿ ಯಾರು?

ಸ್ವದೇಸಿ 2013ರ ಹೊತ್ತಿಗೆ ಮುಂಬೈಯಲ್ಲಿ ಕಟ್ಟಿಕೊಂಡ ಬಳಗ. ಇದು ಒಬ್ಬ ತಾರೆಯ ಸುತ್ತ ಇರುವ ತಂಡವಲ್ಲ. ಎಂಸಿ ಮವಾಲಿ ಎಂಬ ಹೆಸರಿನ ಅಕ್ಲೇಶ್ ಸುತಾರ್, ಎಂಸಿ ತೋಡ್‌ಫೋಡ್ ಎಂಬ ಹೆಸರಿನ ಧರ್ಮೇಶ್ ಪರ್ಮಾರ್, ಮಹಾರ್ಯ, ಅಮರಾವತಿಯ ಸೌರಭ್ ಅಭ್ಯಂಕರ್ ಮುಂತಾದ ರ‍್ಯಾಪರ್‌ಗಳು, ಜೊತೆಗೆ ಬೀಟ್ ಕಟ್ಟುವವರು ಸೇರಿ ಆದ ಗುಂಪು. ಸೌರಭ್ ತಮ್ಮ ಹೆಸರನ್ನು ಇಂಗ್ಲಿಷ್‌ನಲ್ಲಿ ಬರೆಯುವಾಗ ಮೊದಲಿಗೆ 100 ಎಂಬ ಅಂಕಿ ಹಾಕುತ್ತಾರೆ. ಹಿಂದಿಯಲ್ಲಿ ನೂರಕ್ಕೆ 'ಸೌ' ಎನ್ನುತ್ತಾರಲ್ಲ, ಅದಕ್ಕೆ. ತೋಡ್‌ಫೋಡ್ ಎಂದರೆ ಒಡೆದು ಪುಡಿ ಮಾಡುವುದು.

ಈ ಬಳಗದ ಒಂದು ಪದ್ಧತಿ ಗಮನಿಸುವಂಥದ್ದು. ಹೆಚ್ಚು ಜನರಿಗೆ ತಲುಪಲಿ ಎಂದು ಎಲ್ಲರೂ ಹಿಂದಿಯಲ್ಲೇ ಹಾಡಬೇಕು ಎಂಬ ಕಟ್ಟುಪಾಡು ಅವರಲ್ಲಿಲ್ಲ. ತೋಡ್‌ಫೋಡ್ ಗುಜರಾತಿಯಲ್ಲಿ ಹಾಡಿದರು. ಸೌರಭ್ ಮರಾಠಿಯಲ್ಲಿ ಹಾಡುತ್ತಾರೆ. ಹಿಂದಿಯೂ ಇರುತ್ತದೆ. ಒಂದೇ ಹಾಡಿನಲ್ಲಿ ಭಾಷೆ ಬದಲಾಗುತ್ತದೆ, ಅನುವಾದ ಇರುವುದಿಲ್ಲ.

ಮುಂಬೈ ಬಲ್ಲವರಿಗೆ ಇದು ವಿಚಿತ್ರವೆನಿಸದು. ಅಲ್ಲಿನ ಚಾಳ್‌ಗಳಲ್ಲಿ, ಲೋಕಲ್ ರೈಲಿನ ಬೋಗಿಗಳಲ್ಲಿ ಜನ ಮಾತಾಡುವುದೇ ಹೀಗೆ. ಉಡುಪಿ ಹೋಟೆಲಿನ ಗಲ್ಲಾದ ಹಿಂದೆ ತುಳು, ಅಡುಗೆಮನೆಯಲ್ಲಿ ಕನ್ನಡ, ಗಿರಾಕಿಯೊಂದಿಗೆ ಮರಾಠಿ ಬೆರೆತ ಹಿಂದಿ. ಯಾರೂ ಯಾರಿಗೂ ಅನುವಾದ ಮಾಡುವುದಿಲ್ಲ, ಆದರೂ ಕೆಲಸ ನಿಲ್ಲುವುದಿಲ್ಲ. ಜಯಂತ ಕಾಯ್ಕಿಣಿಯವರ ಮುಂಬೈ ಕಥೆಗಳನ್ನು ಓದಿದ ಕನ್ನಡಿಗರಿಗೆ ಈ ಲೋಕ ಚೆನ್ನಾಗಿ ಗೊತ್ತು. ಸ್ವದೇಸಿ ಅದನ್ನು ಹಾಡಿಗೆ ತಂದಿತು.

ತಕಿಟ ತಕಧಿಮಿ: ಕೊನ್ನಕೋಲು ರ‍್ಯಾಪ್‌ಗೆ ಹೊಂದಿದ್ದು ಹೇಗೆ?

ಈ ಬಳಗದ ಬೆರಕೆಯಲ್ಲಿ ಕನ್ನಡಿಗರ ಕಿವಿಗೆ ಬೇಗ ಸಿಗುವುದು ಕೊನ್ನಕೋಲು. ಮೃದಂಗದ ಪಾಠಗಳನ್ನು ಬಾಯಲ್ಲಿ ಹೇಳುವ ಕರ್ನಾಟಕ ಸಂಗೀತದ ಕಲೆ ಅದು. ಮುಂಬೈನ ಮೃದಂಗ ವಾದಕ ವಿವೇಕ್ ರಾಜಗೋಪಾಲನ್ 'ತ ಧೋಂ ಪ್ರಾಜೆಕ್ಟ್' ಎಂಬ ಪ್ರಯೋಗದಲ್ಲಿ ಸ್ವದೇಸಿಯ ರ‍್ಯಾಪರ್‌ಗಳಿಗೆ ಈ ಲೆಕ್ಕಾಚಾರ ಕಲಿಸಿದರು. ಈ ಒಡನಾಟದ ಫಲವೇ 'ಗಲ್ಲಿ ಬಾಯ್' ಆಲ್ಬಂನಲ್ಲಿರುವ 'ಇಂಡಿಯಾ 91'. ಇಲ್ಲಿನ 91 ಪಿನ್‌ಕೋಡ್ ಅಲ್ಲ, ದೇಶದ ದೂರವಾಣಿ ಸಂಕೇತ. ತೋಡ್‌ಫೋಡ್, ಸೌರಭ್, ಮಹಾರ್ಯ ಜೊತೆಗೆ ಧಾರಾವಿಯ ಎಂಸಿ ಅಲ್ತಾಫ್ ಕೂಡ ಅದರಲ್ಲಿದ್ದಾರೆ.

ಎರಡೂ ಹೇಗೆ ಹೊಂದಿದವು ಎಂಬುದು ಸರಳ ಗಣಿತ. ರ‍್ಯಾಪ್‌ನಲ್ಲಿ ಒಂದು ಆವರ್ತಕ್ಕೆ ಸಾಮಾನ್ಯವಾಗಿ ನಾಲ್ಕು ಪೆಟ್ಟು. ಅದನ್ನು 'ಬಾರ್' ಎನ್ನುತ್ತಾರೆ. ಪ್ರತಿ ಪೆಟ್ಟನ್ನು ನಾಲ್ಕಾಗಿ ಒಡೆದರೆ ಒಂದು ಬಾರ್‌ನಲ್ಲಿ 16 ಸಣ್ಣ ಘಟಕ ಸಿಗುತ್ತವೆ. ಒಬ್ಬ ರ‍್ಯಾಪರ್‌ಗೆ ಸಿಗುವ ಚರಣ ರೂಢಿಯಲ್ಲಿ 16 ಬಾರ್. ನಿಮಿಷಕ್ಕೆ 90 ಪೆಟ್ಟಿನ ವೇಗದಲ್ಲಿ ಅದು ಮುಗಿಯಲು ಸುಮಾರು 43 ಸೆಕೆಂಡ್ ಬೇಕು. ಒಂದೊಂದು ಘಟಕಕ್ಕೆ ಒಂದೊಂದು ಅಕ್ಷರ ಕೂರಿಸಿದರೆ 256 ಅಕ್ಷರಕ್ಕೆ ಜಾಗ. ಅಷ್ಟರಲ್ಲಿ ಕಥೆ ಹೇಳಿ ಮುಗಿಸಬೇಕು.

ಹೊಸಬರು ಈ 16 ಘಟಕಗಳನ್ನು ನಾಲ್ಕು ನಾಲ್ಕಾಗಿ ತುಂಬುತ್ತಾರೆ: ತಕಧಿಮಿ ತಕಧಿಮಿ ತಕಧಿಮಿ ತಕಧಿಮಿ. ಕೇಳುಗನಿಗೆ ಮುಂದೇನು ಬರುತ್ತದೆ ಎಂದು ಮೊದಲೇ ತಿಳಿದುಬಿಡುತ್ತದೆ. ಕೊನ್ನಕೋಲು ಕಲಿತವನು ಅದೇ ಜಾಗವನ್ನು ಬೇರೆ ರೀತಿ ಹಂಚುತ್ತಾನೆ. ನಾಲ್ಕು ಸಲ ತಕಿಟ, ಒಂದು ತಕಧಿಮಿ ಎಂದರೆ ಮೂರು ನಾಲ್ಕಲಿ ಹನ್ನೆರಡು, ಜೊತೆಗೆ ನಾಲ್ಕು, ಒಟ್ಟು 16. ಅಥವಾ ಎರಡು ಸಲ ತಕತಕಿಟ, ಎರಡು ಸಲ ತಕಿಟ. ಐದು, ಐದು, ಆರು: ಮತ್ತೆ 16. ಕೆಳಗೆ ಡ್ರಮ್ ನಾಲ್ಕರ ನಡೆಯಲ್ಲೇ ಸಾಗುತ್ತಿರುತ್ತದೆ, ಮೇಲೆ ಮಾತು ಮೂರರಲ್ಲೋ ಐದರಲ್ಲೋ ಓಡುತ್ತಿರುತ್ತದೆ. ತಾಳ ತಪ್ಪಿತು ಎಂದು ಕೇಳುಗ ಅಂದುಕೊಳ್ಳುವಷ್ಟರಲ್ಲಿ ಎರಡೂ ಒಂದೇ ಪೆಟ್ಟಿಗೆ ಬಂದು ಕೂರುತ್ತವೆ. ಕಛೇರಿಯ ಕೊನೆಯಲ್ಲಿ ಮೂರು ಸಲ ಹೇಳಿ ಸಮಕ್ಕೆ ಬರುವ ಮುಕ್ತಾಯದಲ್ಲಿ ಸಭೆ ತಲೆದೂಗುವುದೂ ಇದೇ ಕಾರಣಕ್ಕೆ.

ಕಥೆ ಹೇಳುವವನಿಗೆ ಇದರಿಂದ ದೊಡ್ಡ ಲಾಭವಿದೆ. ನಾವು ಮಾತಾಡುವಾಗ ನಾಲ್ಕು ನಾಲ್ಕು ಅಕ್ಷರ ಎಣಿಸಿಕೊಂಡು ಮಾತಾಡುವುದಿಲ್ಲ. ಗಾಬರಿಯಲ್ಲಿ ಮಾತು ಮುಗ್ಗರಿಸುತ್ತದೆ, ಸಿಟ್ಟಿನಲ್ಲಿ ನುಗ್ಗುತ್ತದೆ. ನಡೆ ಬದಲಿಸುವುದು ಗೊತ್ತಿರುವ ರ‍್ಯಾಪರ್ ಆ ಏರಿಳಿತವನ್ನು ತಾಳ ಬಿಡದೆಯೇ ತೋರಿಸಬಲ್ಲ. ಅಲ್ಲದೆ ಗುಜರಾತಿಯ ಪದಗಳು ಬೀಳುವ ರೀತಿ ಬೇರೆ, ಮರಾಠಿಯದು ಬೇರೆ. ಭಾಷೆಗೆ ತಕ್ಕ ನಡೆ ಸಿಕ್ಕರೆ ಪದ ಹಿಗ್ಗಿಸುವ, ಕುಗ್ಗಿಸುವ ಗೋಜಿಲ್ಲ.

ಆರೆ ಕಾಡಿನ ಕಥೆ ಯಾರು ಹೇಳಬೇಕು?

ತಾಳದ ಬೆರಕೆಗಿಂತ ಕಷ್ಟದ ಬೆರಕೆ ಇನ್ನೊಂದಿದೆ: ಬೇರೆಯವರ ನೋವನ್ನು ಹಾಡುವುದು. 2019ರಲ್ಲಿ ಸ್ವದೇಸಿ ತಂದ 'ದಿ ವಾರ್ಲಿ ರಿವೋಲ್ಟ್' ಈ ಪ್ರಶ್ನೆಗೆ ಕೊಟ್ಟ ಉತ್ತರದಿಂದಲೇ ಹೆಸರಾಯಿತು.

ಗೋರೆಗಾಂವ್ ಪೂರ್ವದ ಆರೆ, ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಹೊಂದಿಕೊಂಡ ಹಸಿರು ಪ್ರದೇಶ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮುಂಬೈಗೆ ಹಾಲು ಪೂರೈಸಲು ಅಲ್ಲಿ ಮಿಲ್ಕ್ ಕಾಲೊನಿ ಕಟ್ಟಲಾಯಿತು. ಅದಕ್ಕೂ ಮೊದಲಿನಿಂದ ವಾರ್ಲಿ ಮುಂತಾದ ಆದಿವಾಸಿಗಳು ಅಲ್ಲಿದ್ದಾರೆ. ನಮ್ಮಲ್ಲಿ ಹಾಡಿ ಎಂದು ಕರೆಯುವ ವಸತಿಗಳಿಗೆ ಅಲ್ಲಿ 'ಪಾಡಾ' ಎನ್ನುತ್ತಾರೆ. ಅಂಥ ಪಾಡಾಗಳು ಆರೆಯಲ್ಲಿ ಎರಡು ಡಜನ್‌ಗೂ ಹೆಚ್ಚಿವೆ. ವಾರ್ಲಿ ಎಂದರೆ ನಮಗೆ ಗೊತ್ತಿರುವುದು ಗೋಡೆಯ ಮೇಲಿನ ಬಿಳಿ ಗೆರೆಗಳ ಚಿತ್ರಕಲೆ. ಆ ಚಿತ್ರ ಬರೆಯುವ ಸಮುದಾಯದ ಜನ ಮಹಾನಗರದ ಒಳಗೇ ಇದ್ದಾರೆಂಬುದು ಎಷ್ಟೋ ಮುಂಬೈವಾಸಿಗಳಿಗೂ ತಿಳಿದಿರಲಿಲ್ಲ.

ಕೊಲಾಬಾ–ಬಾಂದ್ರಾ–ಸೀಪ್ಜ್ ಮೆಟ್ರೋ 3ರ ಕಾರ್ ಶೆಡ್‌ಗೆ ಆರೆಯ ಜಾಗ ಗೊತ್ತುಮಾಡಿದಾಗ ವಿವಾದ ಎದ್ದಿತು. ಲಕ್ಷಾಂತರ ಜನರ ಓಡಾಟಕ್ಕೆ ಮೆಟ್ರೋ ಬೇಕು ಎಂಬುದು ಸರ್ಕಾರದ ವಾದ. ಮೆಟ್ರೋ ಬೇಡ ಎನ್ನುತ್ತಿಲ್ಲ, ಶೆಡ್ ಬೇರೆಡೆ ಕಟ್ಟಿ ಎಂಬುದು ವಿರೋಧಿಸಿದವರ ವಾದ. 2019ರ ಅಕ್ಟೋಬರ್ 4ರಂದು ಬಾಂಬೆ ಹೈಕೋರ್ಟ್ ಅರ್ಜಿಗಳನ್ನು ವಜಾ ಮಾಡಿತು. ಅದೇ ರಾತ್ರಿ ಮರ ಕಡಿಯುವ ಕೆಲಸ ಶುರುವಾಯಿತು. ತಡೆಯಲು ಹೋದ 29 ಮಂದಿಯನ್ನು ಪೊಲೀಸರು ಬಂಧಿಸಿದರು. ಅಕ್ಟೋಬರ್ 7ರಂದು ಸುಪ್ರೀಂ ಕೋರ್ಟ್ ತಡೆ ನೀಡಿತು. ಅಷ್ಟರಲ್ಲಿ 2,141 ಮರ ಉರುಳಿದ್ದವು ಎಂದು ಮೆಟ್ರೋ ನಿಗಮವೇ ಹೇಳಿತು.

ಸ್ವದೇಸಿಯ ಹಾಡು ಈ ಹೋರಾಟದ ನಡುವಿನದು. ನಗರದ ರ‍್ಯಾಪರ್‌ಗಳು ಆದಿವಾಸಿಗಳ ಪರವಾಗಿ ತಾವೇ ಮಾತಾಡಿ ಮುಗಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಆರೆಯ ಕೇಲ್ತಿಪಾಡಾದ ವಾರ್ಲಿ ಮುಖಂಡ, ಹಾಡುಗಾರ ಪ್ರಕಾಶ್ ಭೋಯಿರ್ ಅವರ ದನಿಯನ್ನೇ ಹಾಡಿಗೆ ತಂದರು. ರ‍್ಯಾಪ್ ಆ ದನಿಯ ಜೊತೆ ನಿಲ್ಲುತ್ತದೆ. ಹಾಡಿನ ಹೆಸರೂ ಯೋಚಿಸಿ ಇಟ್ಟಿದ್ದೇ. 1945ರಿಂದ 1947ರವರೆಗೆ ಆಗಿನ ಠಾಣೆ ಜಿಲ್ಲೆಯ ವಾರ್ಲಿಗಳು ಬಿಟ್ಟಿ ಚಾಕರಿಯ ವಿರುದ್ಧ, ಜಮೀನ್ದಾರರ ವಿರುದ್ಧ ಎದ್ದು ನಿಂತಿದ್ದರು. ಗೋದಾವರಿ ಪರುಳೇಕರ್ ಅವರೊಂದಿಗೆ ಕಿಸಾನ್ ಸಭಾದಡಿ ನಡೆದ ಆ ದಂಗೆಯನ್ನು ಹಾಡಿನ ಶೀರ್ಷಿಕೆ ನೆನಪಿಸುತ್ತದೆ. ಇಂದಿನ ಮರದ ಕಥೆಗೆ ಮುಕ್ಕಾಲು ಶತಮಾನದ ಹಿಂದಿನ ಕಥೆ ಬೇರಾಗಿ ನಿಂತಿದೆ.

ಬೆರಕೆ ಸಂಗೀತದ ಮುಖ್ಯ ಸಂಗತಿ ಇಲ್ಲಿದೆ. ಜಾನಪದ ದನಿಯೊಂದನ್ನು ಬೀಟ್ ಮೇಲೆ ಅಂಟಿಸಿ 'ಫ್ಯೂಷನ್' ಎನ್ನುವುದು ಸುಲಭ. ಜಾಹೀರಾತುಗಳಲ್ಲಿ, ರಿಯಾಲಿಟಿ ಶೋಗಳಲ್ಲಿ ಅದನ್ನು ದಿನವೂ ನೋಡುತ್ತೇವೆ. ಅಲ್ಲಿ ಜಾನಪದ ಹಾಡುಗಾರ ಬಣ್ಣ ತುಂಬಲು ಬರುತ್ತಾನೆ, ಹೆಸರೂ ನೆನಪಿರುವುದಿಲ್ಲ. ಕಥೆಯನ್ನು ಮುಂದಿಟ್ಟುಕೊಂಡಾಗ ಲೆಕ್ಕ ಬೇರೆ. ಈ ಕಥೆ ಯಾರದು? ಅವರ ಬಾಯಲ್ಲೇ ಬಂದರೆ ಹೇಗಿರುತ್ತದೆ? ಅವರ ಭಾಷೆಗೆ ಯಾವ ತಾಳ ಹೊಂದುತ್ತದೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾ ಹೋದರೆ ಸಂಗೀತ ತಾನಾಗಿಯೇ ಬೆರಕೆಯಾಗುತ್ತದೆ. 2020ರಲ್ಲಿ ಬಂದ ಬಳಗದ ಮೊದಲ ಆಲ್ಬಂ 'ಚೇತಾವನಿ'ಯನ್ನು, ಅಂದರೆ ಎಚ್ಚರಿಕೆಯನ್ನು, ಈ ಹಿನ್ನೆಲೆಯಲ್ಲಿ ಕೇಳಬೇಕು.

ಪೋವಾಡದ ಮಕ್ಕಳು

ರ‍್ಯಾಪ್ ಅಮೆರಿಕದಿಂದ ಬಂದದ್ದು ನಿಜ. ಆದರೆ ಮುಂಬೈ ಕಾರ್ಮಿಕರ ಓಣಿಗಳಿಗೆ ಹಾಡಿನಲ್ಲಿ ಸುದ್ದಿ ಹೇಳುವ ರೂಢಿ ಹೊಸದಲ್ಲ. ಶಾಹೀರರ ಪೋವಾಡ ಅಲ್ಲಿ ಬಹಳ ಹಿಂದಿನಿಂದ ಇತ್ತು. ಡಫ್ ಬಡಿಯುತ್ತಾ ವೀರಗಾಥೆ ಹೇಳುವ ಈ ಪ್ರಕಾರವನ್ನು ಗಿರಣಿ ಕಾರ್ಮಿಕರ ನಡುವೆ ಬೆಳೆಸಿದವರಲ್ಲಿ ಅಣ್ಣಾಭಾವು ಸಾಠೆ ಪ್ರಮುಖರು. ಘಾಟ್ಕೋಪರ್‌ನ ಚಿರಾಗ್ ನಗರದ ಕೊಳೆಗೇರಿಯಲ್ಲಿ ಬದುಕಿದ ಅವರು, ಎರಡನೇ ಮಹಾಯುದ್ಧದ ಕಾಲದಲ್ಲಿ ಸ್ಟಾಲಿನ್‌ಗ್ರಾಡ್ ಕದನದ ಬಗ್ಗೆಯೇ ಪೋವಾಡ ಕಟ್ಟಿದರು. ಮುಂದೆ ದಲಿತ ಚಳವಳಿಯ ಶಾಹೀರರು ಇದೇ ದಾರಿ ಹಿಡಿದರು. ಆನಂದ್ ಪಟವರ್ಧನ್ ಅವರ 2011ರ 'ಜೈ ಭೀಮ್ ಕಾಮ್ರೇಡ್' ಸಾಕ್ಷ್ಯಚಿತ್ರ ಅವರ ಹಾಡುಗಳ ದಾಖಲೆಯೇ ಆಗಿದೆ.

ಉತ್ತರ ಕರ್ನಾಟಕದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಲಾವಣಿಯ ಸವಾಲ್-ಜವಾಬ್, ಗೀಗೀ ಮೇಳದಲ್ಲಿ ಒಬ್ಬ ಕಥೆ ಎತ್ತಿದರೆ ಹಿಮ್ಮೇಳದವರು ದನಿಗೂಡಿಸುವುದು, ಸ್ವಾತಂತ್ರ್ಯ ಹೋರಾಟದ ಸುದ್ದಿಯನ್ನು ಹಳ್ಳಿಹಳ್ಳಿಗೆ ಹಾಡಿನಲ್ಲಿ ಒಯ್ದಿದ್ದು, ಇವೆಲ್ಲ ನಮ್ಮವೇ. ಕರಾವಳಿಯವರಿಗೆ ತಾಳಮದ್ದಳೆ ಇದೆ. ಬರೆದಿಟ್ಟುಕೊಳ್ಳದೆ, ಎದುರಾಳಿಯ ಮಾತಿಗೆ ಅಲ್ಲೇ ಮಾತು ಹುಟ್ಟಿಸಿ ವಾದಿಸುವ ಅರ್ಥಧಾರಿಗೆ ರ‍್ಯಾಪ್ ಕದನ ಅಪರಿಚಿತವೆನಿಸದು. ಮುಂಬೈನ ತುಳು-ಕನ್ನಡಿಗರ ಯಕ್ಷಗಾನ ಮಂಡಳಿಗಳು ಆ ಪರಂಪರೆಯನ್ನು ಅದೇ ಉಪನಗರಗಳಲ್ಲಿ ಉಳಿಸಿಕೊಂಡು ಬಂದಿವೆ.

30 ಸೆಕೆಂಡಿನ ಲೆಕ್ಕ

ಇಷ್ಟೆಲ್ಲ ಇದ್ದರೂ ಸ್ವತಂತ್ರ ಕಲಾವಿದರಿಗೆ ಆಲ್ಬಂ ಮಾಡುವುದು ನಷ್ಟದ ಬಾಬತ್ತು. ಕಾರಣ ಸಂಗೀತ ಆ್ಯಪ್‌ಗಳ ಲೆಕ್ಕಾಚಾರ. ಸ್ಪಾಟಿಫೈನಲ್ಲಿ ಹಾಡೊಂದನ್ನು 30 ಸೆಕೆಂಡ್ ಕೇಳಿದರೆ ಅದು ಒಂದು ಬಾರಿ ಕೇಳಿದ ಲೆಕ್ಕಕ್ಕೆ ಸೇರುತ್ತದೆ. ಆರು ನಿಮಿಷದ ಕಥನ ಗೀತೆಯನ್ನು ಪೂರ್ತಿ ಕೇಳಿದರೂ ಅದೇ ಒಂದು. ಹೀಗಿರುವಾಗ ನಿಧಾನವಾಗಿ ಪೀಠಿಕೆ ಹಾಕಿ ಕಥೆಗೆ ಬರುವವನಿಗಿಂತ ಮೊದಲ ಐದು ಸೆಕೆಂಡ್‌ನಲ್ಲೇ ಪಲ್ಲವಿ ಎತ್ತುವವನಿಗೆ ಅನುಕೂಲ. ರೀಲ್ಸ್‌ಗೆ ಬೇಕಾದ್ದೂ ಅದೇ ತುಣುಕು.

2024ರಿಂದ ಇನ್ನೊಂದು ನಿಯಮ ಬಂದಿದೆ. ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಬಾರಿ ಕೇಳಿಸಿಕೊಳ್ಳದ ಹಾಡಿಗೆ ಸ್ಪಾಟಿಫೈ ರಾಯಧನ ಕೊಡುವುದಿಲ್ಲ. ಆಲ್ಬಂನಲ್ಲಿ ಎಲ್ಲ ಹಾಡೂ ಜನಪ್ರಿಯವಾಗುವುದಿಲ್ಲ. ಕಥೆಗೆ ಸೇತುವೆಯಾಗಿ ಇಟ್ಟ ಒಂದೂವರೆ ನಿಮಿಷದ ತುಣುಕು ಈ ನಿಯಮದಲ್ಲಿ ಮೊದಲು ಪೆಟ್ಟು ತಿನ್ನುತ್ತದೆ.

'ಇಂಡೀ' ಎಂದರೆ ಇಂಡಿಪೆಂಡೆಂಟ್, ಸ್ವತಂತ್ರ. ದೊಡ್ಡ ಸಂಗೀತ ಕಂಪನಿಯ ಹಣ ಇಲ್ಲದೆ, ತಾವೇ ಅಥವಾ ಸಣ್ಣ ಲೇಬಲ್ ಜೊತೆ ಸೇರಿ ಹಾಡು ತರುವುದು. ಖರ್ಚು ಕಲಾವಿದನದೇ. ಪ್ರತಿಯಾಗಿ ಏನು ಹಾಡಬೇಕು, ಯಾವ ಭಾಷೆಯಲ್ಲಿ ಹಾಡಬೇಕು ಎಂದು ಯಾರೂ ಹೇಳುವುದಿಲ್ಲ. 2017ರಲ್ಲಿ ದೆಹಲಿಯಲ್ಲಿ ಶುರುವಾದ 'ಆಜಾದಿ ರೆಕಾರ್ಡ್ಸ್' ಇಂಥ ಲೇಬಲ್‌ಗಳಲ್ಲಿ ಹೆಸರು ಮಾಡಿತು. ಪಶ್ಚಿಮ ದೆಹಲಿಯ ತಿಲಕ್ ನಗರದ ಬದುಕನ್ನು ಹೇಳುವ ಪ್ರಭ್‌ ದೀಪ್ ಅವರ 'ಕ್ಲಾಸ್-ಸಿಖ್', ಕಾಶ್ಮೀರದ ಅಹ್ಮರ್ ಅವರ 2019ರ 'ಲಿಟ್ಲ್ ಕಿಡ್, ಬಿಗ್ ಡ್ರೀಮ್ಸ್' ಅಲ್ಲಿಂದ ಬಂದವು. ಚೆನ್ನೈನಲ್ಲಿ ಅರಿವು ಮತ್ತು ಆಫ್‌ರೋ ಜೋಡಿ 2019ರಲ್ಲಿ 'ತೆರುಕ್ಕುರಳ್' ತಂದಿತು. ಊರು ಬೇರೆ, ಭಾಷೆ ಬೇರೆ. ಆದರೆ ತಮ್ಮ ಓಣಿಯ ಕಥೆ ಬಿಡಿ ಹಾಡಿನಲ್ಲಿ ಹಿಡಿಸುವುದಿಲ್ಲ, ಆಲ್ಬಂ ಬೇಕು ಎಂಬ ತೀರ್ಮಾನ ಒಂದೇ.

ಉಳಿದ ದನಿ

ಆಲ್ಬಂ ಏಕೆ ಬೇಕು ಎಂಬ ಪ್ರಶ್ನೆಗೆ ಸ್ವದೇಸಿ ಬಳಗದ ಪಾಲಿಗೆ ಬಹಳ ನೋವಿನ ಉತ್ತರವೂ ಸಿಕ್ಕಿತು. 2022ರ ಮಾರ್ಚ್ 20ರಂದು ಎಂಸಿ ತೋಡ್‌ಫೋಡ್ ಹಠಾತ್ತಾಗಿ ತೀರಿಕೊಂಡರು. ಅವರಿಗೆ ಆಗ 24 ವರ್ಷ. 'ಗಲ್ಲಿ ಬಾಯ್' ನಟರಾದ ರಣವೀರ್ ಸಿಂಗ್, ಸಿದ್ಧಾಂತ್ ಚತುರ್ವೇದಿ, ನಿರ್ದೇಶಕಿ ಜೋಯಾ ಅಖ್ತರ್ ಸಂತಾಪ ಸೂಚಿಸಿದರು. ಸುದ್ದಿವಾಹಿನಿಗಳಲ್ಲಿ ಅವರು 'ಗಲ್ಲಿ ಬಾಯ್ ರ‍್ಯಾಪರ್' ಎಂದೇ ಸುದ್ದಿಯಾದರು.

ಅದೇ ಮಾರ್ಚ್‌ನಲ್ಲಿ, ಸಾವಿಗೆ ಕೆಲವೇ ದಿನ ಮೊದಲು, ಅವರ ಏಕವ್ಯಕ್ತಿ ಆಲ್ಬಂ 'ಟ್ರೂತ್ ಆ್ಯಂಡ್ ಬಾಸ್' ಬಿಡುಗಡೆಯಾಗಿತ್ತು. ಸತ್ಯ ಮತ್ತು ಎದೆಗೆ ತಾಗುವ ತಗ್ಗಿನ ದನಿ, ಎರಡೂ ಹೆಸರಿನಲ್ಲೇ ಇವೆ. ಸಿನಿಮಾದ ಒಂದು ಹಾಡಿನ ಒಂದು ಚರಣ ಮಾತ್ರ ಉಳಿದಿದ್ದರೆ ಅವರು ಆ ಸುದ್ದಿ ಶೀರ್ಷಿಕೆಯಷ್ಟೇ ಆಗಿ ಉಳಿಯುತ್ತಿದ್ದರು. ಆಲ್ಬಂ ಇರುವುದರಿಂದ ಅವರು ಏನು ಯೋಚಿಸುತ್ತಿದ್ದರು, ಯಾವ ಕ್ರಮದಲ್ಲಿ ಹೇಳಬೇಕೆಂದುಕೊಂಡಿದ್ದರು ಎಂಬುದು ಅವರದೇ ದನಿಯಲ್ಲಿ ಉಳಿದಿದೆ. ರೀಲ್ಸ್ ತುಣುಕಿನಿಂದ ಆಗದ ಕೆಲಸ ಇದು.

ಆರೆಯ ಮಟ್ಟಿಗೂ ಇದೇ ಮಾತು. 2024ರ ಅಕ್ಟೋಬರ್‌ನಲ್ಲಿ ಮೆಟ್ರೋ 3ರ ಮೊದಲ ಹಂತ ಆರೆಯಿಂದ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ವರೆಗೆ ಶುರುವಾಯಿತು. ಮರ ಉರುಳಿದ ರಾತ್ರಿಗೂ ಇದಕ್ಕೂ ಸರಿಯಾಗಿ ಐದು ವರ್ಷ. ತಂಪಾದ ಬೋಗಿಯಲ್ಲಿ ಕೂತು ಹೋಗುವವರಿಗೆ ಅನುಕೂಲವಾಗಿದೆ, ಅದು ಸುಳ್ಳಲ್ಲ. ಆ ಜಾಗದಲ್ಲಿ ಏನಿತ್ತು ಎಂದು ಮುಂದೆ ಯಾರಾದರೂ ಕೇಳಿದರೆ ಕೋರ್ಟ್ ಕಡತಗಳು ಸಂಖ್ಯೆ ಹೇಳುತ್ತವೆ. ಪ್ರಕಾಶ್ ಭೋಯಿರ್ ಅವರ ದನಿಯಿರುವ ಹಾಡು ಉಳಿದದ್ದನ್ನು ಹೇಳುತ್ತದೆ.

ಕನ್ನಡದ ಕೇಳುಗರು ಎಲ್ಲಿಂದ ಶುರು ಮಾಡಬಹುದು?

ನಮ್ಮಲ್ಲೂ ಬೆರಕೆಯ ಪ್ರಯೋಗ ನಡೆದಿದೆ. ಬೆಂಗಳೂರಿನ ಬ್ರೋಧಾ ವಿ 2012ರ 'ಆತ್ಮ ರಾಮ'ದಲ್ಲಿ ಇಂಗ್ಲಿಷ್ ರ‍್ಯಾಪ್ ಜೊತೆ ಭಕ್ತಿ ಸಂಗೀತ ಬೆರೆಸಿದ್ದರು. ಬೆಂಗಳೂರಿನಲ್ಲೇ ಬೆಳಕಿಗೆ ಬಂದ ಹನುಮಾನ್‌ಕೈಂಡ್ 2024ರ 'ಬಿಗ್ ಡಾಗ್ಸ್' ಮೂಲಕ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿ ತಲುಪಿದರು. ಚಂದನ್ ಶೆಟ್ಟಿ, ಆಲ್ ಓಕೆ ಅಂಥವರಿಂದ ಕನ್ನಡ ರ‍್ಯಾಪ್ ಮನೆಮಾತಾಗಿದೆ. ಗೀಗೀ, ತಾಳಮದ್ದಳೆ, ಕೊನ್ನಕೋಲು ಎಲ್ಲವೂ ಕೈಯಳತೆಯಲ್ಲಿರುವ ನಾಡಿಗೆ ಕಥನ ಆಲ್ಬಂ ಕಷ್ಟದ ಕೆಲಸವಾಗಬೇಕಿಲ್ಲ.

ಮುಂಬೈನದನ್ನು ಕೇಳಬೇಕೆಂದಿದ್ದರೆ ಮೊದಲು 'ಇಂಡಿಯಾ 91' ಹಾಕಿಕೊಳ್ಳಿ. ಕೈಯಲ್ಲಿ ತಾಳ ಹಾಕುತ್ತಾ ಕೇಳಿದರೆ ನಾಲ್ಕರ ಮೇಲೆ ಬೇರೆ ನಡೆ ಎಲ್ಲಿ ಬರುತ್ತದೆ ಎಂಬುದು ತಾನಾಗಿ ಸಿಗುತ್ತದೆ. ಆಮೇಲೆ 'ದಿ ವಾರ್ಲಿ ರಿವೋಲ್ಟ್'. ಭಾಷೆ ಪೂರ್ತಿ ಅರ್ಥವಾಗದಿದ್ದರೂ ಯಾರ ದನಿ ಯಾವಾಗ ಬರುತ್ತದೆ ಎಂಬುದನ್ನು ಗಮನಿಸಿ. ನಂತರ 'ಚೇತಾವನಿ', ಕೊನೆಗೆ 'ಟ್ರೂತ್ ಆ್ಯಂಡ್ ಬಾಸ್'.

ಒಂದೇ ಕೋರಿಕೆ: ಆ್ಯಪ್‌ನಲ್ಲಿ ಶಫಲ್ ಗುಂಡಿ ಆಫ್ ಮಾಡಿ, ಮೊದಲ ಹಾಡಿನಿಂದ ಕೊನೆಯವರೆಗೆ ಕ್ರಮವಾಗಿ ಕೇಳಿ. ಹರಿಕಥೆಗೆ ಹೋದವರು ಉಪಕಥೆಯ ಹೊತ್ತಿಗೆ ಎದ್ದು ಬರುವುದಿಲ್ಲವಲ್ಲ.